ಮೂಳೆ ಕಟ್ಟುವ ಸೂಜಿಗಿಂತ ಮೊದಲು ಬಿರುಕು ಕಾಣಬೇಕು

ಬೀಳದೆ, ಏಟು ತಿನ್ನದೆ ಮೂಳೆ ಬಿರುಕು ಬಿಡುತ್ತದೆ ಎಂದರೆ ನಮ್ಮೂರುಗಳಲ್ಲಿ ನಂಬುವವರು ಕಡಿಮೆ. ಆಸ್ಟಿಯೋಪೊರೋಸಿಸ್‌ನಿಂದ ಟೊಳ್ಳಾದ ಮೂಳೆಗೆ ಕೊಡ ಹೊರುವ, ಕಳೆ ಕೀಳಲು ಕೂತೇಳುವ ದಿನದ ಭಾರವೇ ಸಾಕು. ತೊಡೆಸಂದು, ಸೊಂಟ, ಪಾದದಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಮುಟ್ಟು ನಿಂತ ಹೆಂಗಸರಲ್ಲೇ ಇದು ಹೆಚ್ಚು.

ಇದು ಬೇಗ ಕೂಡಲೆಂದು ಕೆಲವು ವೈದ್ಯರು ಟೆರಿಪ್ಯಾರಟೈಡ್ ಇಂಜೆಕ್ಷನ್ ಬರೆಯುತ್ತಾರೆ. ಅಲೆಂಡ್ರೊನೇಟ್‌ನಂಥ ಮಾತ್ರೆಗಳು ಮೂಳೆ ಕರಗುವುದನ್ನು ತಡೆದರೆ, ಇದು ಹೊಸ ಮೂಳೆ ಕಟ್ಟಿಸುತ್ತದೆ. ಆದರೆ 2002ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಆಸ್ಟಿಯೋಪೊರೋಸಿಸ್‌ಗೆ. ಮುರಿದ ಮೂಳೆ ಕೂಡಿಸಲು ಅಲ್ಲ. ಮಣಿಕಟ್ಟು ಮುರಿದ 102 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 20 ಮೈಕ್ರೊಗ್ರಾಂ ಪಡೆದವರ ಮೂಳೆ ಬೇಗ ಕೂಡಿತು. 40 ಮೈಕ್ರೊಗ್ರಾಂ ಪಡೆದವರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಅಂದರೆ ಭರವಸೆ ಇದೆ, ಖಾತ್ರಿಯಿಲ್ಲ.

ಹಾಗಾದರೆ ಬೇಡವೇ? ಬೇಕು ಎನ್ನುತ್ತೇನೆ. ಮೂಳೆ ತೀರಾ ಟೊಳ್ಳಾಗಿದ್ದರೆ ಈ ಮದ್ದು ಹೇಗೂ ಬೇಕಾದದ್ದೇ. ಈಗಿನ ಬಿರುಕು ಬೇಗ ಕೂಡದಿದ್ದರೂ ಮುಂದಿನದು ತಪ್ಪಬಹುದು. ಆದರೆ ಇದು ಒಂದೆರಡು ಸೂಜಿಯಲ್ಲಿ ಮುಗಿಯುವ ಮದ್ದಲ್ಲ. ದಿನವೂ ಚುಚ್ಚಿಕೊಳ್ಳಬೇಕು, ಸಾಮಾನ್ಯವಾಗಿ ಎರಡು ವರ್ಷದವರೆಗೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಿಲ್ಲಿಸಿದ ಮೇಲೆ ಬೇರೆ ಮದ್ದು ಹಿಡಿಯದಿದ್ದರೆ ಗಳಿಸಿದ ಮೂಳೆ ಮತ್ತೆ ಕರಗುತ್ತದೆ. ಮೂಳೆ ಕ್ಯಾನ್ಸರ್ ಇದ್ದವರಿಗೆ, ಮೂಳೆಗೆ ರೇಡಿಯೇಷನ್ ಆದವರಿಗೆ ಕೊಡುವಂತಿಲ್ಲ. ಕರೆಂಟು ಕೈಕೊಡುವ ಊರಿನ ಕೂಲಿ ಹೆಂಗಸಿಗೆ ಇಷ್ಟನ್ನೂ ವಿವರಿಸುವವರು ಯಾರು?

ಅದಕ್ಕೂ ಮೊದಲು ರೋಗ ಪತ್ತೆಯಾಗಬೇಕಲ್ಲ? ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐ ಬೇಕಾಗುತ್ತದೆ. ‘ವಾತ’ ಎಂದು ನೋವಿನ ಮಾತ್ರೆ ನುಂಗಿ ಗದ್ದೆಗಿಳಿದರೆ, ತೊಡೆಮೂಳೆಯ ಕತ್ತಿನ ಬಿರುಕು ಪೂರ್ತಿ ಮುರಿದು ಹಾಸಿಗೆ ಹಿಡಿಸಬಹುದು.

ಹಾಗಾಗಿ ನಾವು ಕೇಳಬೇಕಾದದ್ದು ಎರಡು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಜಿಲ್ಲಾಸ್ಪತ್ರೆಯಲ್ಲಿ ಬಡವರ ಕೈಗೆಟುಕಬೇಕು. ಅಗತ್ಯವಿದ್ದವರಿಗೆ ಈ ಮದ್ದು ಅಲ್ಲೇ ಸಿಗಬೇಕು. ಅಲ್ಲಿಯವರೆಗೆ ಮನೆಯಲ್ಲಿ ಅವ್ವನೋ ಅಜ್ಜಿಯೋ ಕಾಲೂರಿದರೆ ತೊಡೆಸಂದು ನೋಯುತ್ತದೆ ಎಂದರೆ ‘ವಯಸ್ಸಾಯ್ತು’ ಎನ್ನಬೇಡಿ. ನಡೆಸದೆ, ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ.