ತೂಕಕ್ಕೆ ಹಾಕುವ ಮೊದಲು ಗುರುತು ಹಿಡಿಯಿರಿ

ಭದ್ರಾವತಿಯ ವಿಐಎಸ್‌ಎಲ್ ಕಬ್ಬಿಣ-ಉಕ್ಕಿನ ಕಾರ್ಖಾನೆ ಶುರುವಾಗಿದ್ದು 1923ರ ಜನವರಿಯಲ್ಲಿ. ಸರಿಯಾಗಿ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಆಮೇಲೆ ಪುನಶ್ಚೇತನದ ಮಾತೂ ಬಂತು. ಮುಚ್ಚಬೇಕು ಎನ್ನುವವರು ನಷ್ಟದ ಲೆಕ್ಕ ತೆಗೆಯುತ್ತಾರೆ, ಉಳಿಸಬೇಕು ಎನ್ನುವವರು ಕೂಲಿಯ ಲೆಕ್ಕ ತೆಗೆಯುತ್ತಾರೆ. ಬಾಬಾಬುಡನ್ ಗಿರಿಯ ಕಲ್ಲನ್ನು ಭದ್ರಾವತಿಯ ಕುಲುಮೆಗೆ ಹೊತ್ತು ತಂದ ಗಾಡಿಗಳ ಸುದ್ದಿ ಮಾತ್ರ ಇಬ್ಬರ ಬಾಯಲ್ಲೂ ಬರುವುದಿಲ್ಲ. ಕಾರ್ಖಾನೆಯ ಹಣೆಬರಹ ಏನೇ ಆಗಲಿ, ಹಳೇ ವ್ಯಾಗನ್ನು, ಟ್ರಾಲಿ, ರೋಪ್‌ವೇ ಬಕೆಟ್ಟು, ಗಾಲಿ, ಹಳಿ ಯಾವುದೂ ಗುರುತು ಹಿಡಿದು ಪಟ್ಟಿ ಮಾಡುವ ತನಕ ಗುಜರಿಗೆ ಹೋಗಕೂಡದು. ಇದು ನನ್ನ ಪಟ್ಟು.

ಆ ಗಿರಿಸಾಲಿನ ಕೆಮ್ಮಣ್ಣುಗುಂಡಿ ಎಂದರೆ ಇವತ್ತು ಗುಲಾಬಿ ತೋಟ, ಮಂಜು, ವಾರಾಂತ್ಯದ ಕಾರುಗಳ ಸಾಲು. ಒಂದು ಕಾಲಕ್ಕೆ ಅಲ್ಲಿ ಅಗೆದ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿ ಸೇರುತ್ತಿತ್ತು. ಕುಲುಮೆ ಉರಿಯುತ್ತಿದ್ದದ್ದು ಕಟ್ಟಿಗೆಯ ಇದ್ದಿಲಿನಿಂದ. ಆ ಕಟ್ಟಿಗೆ ಸಾಗಿಸಲೆಂದೇ ಕಾಡಿನೊಳಗೆ ಟ್ರಾಮ್‌ವೇ ಹಾಕಿದ್ದರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಗೇಜಿನ ಪುಟ್ಟ ರೈಲು ಬೇರೆ ಇತ್ತು. ಮೂಡಿಗೆರೆ, ಕಳಸದ ಕಡೆ ಇಂಥದ್ದೇನೂ ಬರಲಿಲ್ಲ. ಅಲ್ಲಿನ ಕಾಫಿ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಹೋಯಿತು. ಕುದುರೆಮುಖದ ಅದಿರೋ, ನೀರಲ್ಲಿ ಕಲಸಿಕೊಂಡು ಅರವತ್ತೇಳು ಕಿಲೋಮೀಟರ್ ಕೊಳವೆಯಲ್ಲಿ ಹರಿದು ಪಣಂಬೂರು ಸೇರಿತು. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದದ್ದೇ 2013ರಲ್ಲಿ. ಹಾಗಾಗಿ ನಮ್ಮ ಗಿರಿಗಳಿಗೆ ರೈಲಿನ ಹಳೇ ಚರಿತ್ರೆ ಅಂತ ಇದ್ದರೆ ಅದು ತರೀಕೆರೆ ಮಗ್ಗುಲಿನದು, ಕಬ್ಬಿಣ ಮತ್ತು ಕಟ್ಟಿಗೆಯದು. ಕಾಫಿಗೆ ಚಿಕ್ಕಮಗಳೂರಲ್ಲಿ ವಸ್ತುಸಂಗ್ರಹಾಲಯವಿದೆ, ಇರಲೇಬೇಕು. ಅದಿರು ಹೊತ್ತವರಿಗೆ, ಮರ ಕಡಿದವರಿಗೆ, ಹಳಿ ಹಾಸಿದ ಗ್ಯಾಂಗಿನವರಿಗೆ ಜಿಲ್ಲೆಯಲ್ಲಿ ಒಂದು ಸೂರೂ ಇಲ್ಲದಿರುವುದು ಅನ್ಯಾಯ.

ವ್ಯಾಗನ್ ತಾನೇ, ಎಲ್ಲವೂ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಮೊದಲು ಗಾಲಿಗಳ ನಡುವಿನ ಅಂತರಕ್ಕೆ ಟೇಪು ಹಿಡಿಯಬೇಕು. ಎರಡು ಅಡಿಯ ಆಸುಪಾಸಿನದಾದರೆ ಟ್ರಾಮ್‌ವೇ ಕಡೆಯದು, ಮೀಟರಿನದಾದರೆ 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಾಕಿದಂಥ ಮಾರ್ಗದ್ದು. ಆಮೇಲೆ ಬಗ್ಗಿ ಆಕ್ಸಲ್ ಬಾಕ್ಸಿನ ಮುಚ್ಚಳ ನೋಡಬೇಕು. ಗ್ರೀಸಿನ ಕರಿ ಕೆರೆದರೆ ಎರಕದ ಅಕ್ಷರಗಳು ಏಳುತ್ತವೆ: ತಯಾರಕನ ಹೆಸರು, ಇಸವಿ, ಕೆಲವೊಮ್ಮೆ ರೈಲ್ವೆಯ ಗುರುತು. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ರಿಪೇರಿಯಲ್ಲಿ ಒಂದು ಗಾಡಿಯ ಬಾಕ್ಸು ಇನ್ನೊಂದಕ್ಕೆ ಹೋಗಿರುತ್ತದೆ. ಅದಕ್ಕೇ ಚಾಸಿಯ ರಿವೆಟ್ ಸಾಲು, ಬ್ರೇಕ್ ಹಿಡಿಯ ಜಾಗ, ಕೊಂಡಿಯ ಬಗೆ, ಬಣ್ಣದ ಪದರ ಎಲ್ಲವನ್ನೂ ಒಟ್ಟಿಗಿಟ್ಟು ತಾಳೆ ನೋಡಬೇಕು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿದ ಮೇಲೆ ಗಾಡಿಗಳ ಮೇಲಿನ ಅಕ್ಷರಗಳೇ ಬದಲಾದವು. ಹಳೇ ನಂಬರು ಹೊಸ ಬಣ್ಣದ ಅಡಿಯಲ್ಲಿರುತ್ತದೆ.

ಆದ್ದರಿಂದಲೇ ಸಿಟ್ಟು ಬರುವುದು ಗ್ಯಾಸ್ ಕಟರ್ ಹಿಡಿದವನ ಮೇಲಲ್ಲ, ಅವನದು ದಿನಗೂಲಿ. ಸಿಟ್ಟು ಬರುವುದು ಸಂರಕ್ಷಣೆಯ ಹೆಸರಲ್ಲಿ ಬಣ್ಣ ಬಳಿಯುವವರ ಮೇಲೆ. ಹಳೇ ಗಾಡಿಯೊಂದು ಸಿಕ್ಕರೆ ಸಾಕು, ತುಕ್ಕಿನ ಜೊತೆ ಅಕ್ಷರವನ್ನೂ ಉಜ್ಜಿ ತೆಗೆದು, ಎನಾಮಲ್ ಬಳಿದು, ಕಟ್ಟೆಯ ಮೇಲೆ ಕೂರಿಸಿ, ಗೇಟಿನ ಮುಂದೆ ಸೆಲ್ಫಿಗೆ ನಿಲ್ಲಿಸುತ್ತಾರೆ. ಎಲ್ಲಿ ಓಡಿತು, ಏನು ಹೊತ್ತಿತು ಎನ್ನುವ ಒಂದು ಸಾಲಿನ ಫಲಕವೂ ಇರುವುದಿಲ್ಲ. ಗುಜರಿಯವನು ಕಬ್ಬಿಣ ಒಯ್ದರೆ, ಇವರು ಸಾಕ್ಷ್ಯವನ್ನೇ ಅಳಿಸುತ್ತಾರೆ.

ಕೆಲಸವಿಲ್ಲದೆ ಜನ ಒದ್ದಾಡುತ್ತಿರುವಾಗ ತುಕ್ಕು ಹಿಡಿದ ಡಬ್ಬಿಯ ಚಿಂತೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾರ್ಮಿಕನ ಸಂಬಳ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿ ಮಾಡಲು ಯಾರ ಸಂಬಳವನ್ನೂ ಕತ್ತರಿಸಬೇಕಿಲ್ಲ. ಟೇಪು, ತಂತಿ ಬ್ರಷ್ಷು, ಕ್ಯಾಮೆರಾ, ಒಂದು ರಿಜಿಸ್ಟರು ಸಾಕು. ಜೊತೆಗೆ ಬೇಕಾದವರು ನಿವೃತ್ತ ಫಿಟ್ಟರುಗಳು, ಲೋಕೋ ಶೆಡ್ಡಿನವರು. ಯಾವ ಗಾಡಿ ಯಾವ ಕೆಲಸಕ್ಕಿತ್ತು ಎಂಬುದನ್ನು ಕಾಗದಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ. ವೇಲ್ಸ್‌ನಲ್ಲಿ ಸ್ಲೇಟು ಕಲ್ಲು ಸಾಗಿಸುತ್ತಿದ್ದ ತಲಿಲಿನ್ ಎಂಬ ಸಣ್ಣ ರೈಲು ಮುಚ್ಚುವ ಸ್ಥಿತಿಗೆ ಬಂದಾಗ, 1951ರಲ್ಲಿ ಅದನ್ನು ಕೈಗೆತ್ತಿಕೊಂಡವರು ಸ್ವಯಂಸೇವಕರು. ಎಂಜಿನ್ ಜೊತೆಗೆ ಕಲ್ಲಿನ ಗಾಡಿಗಳನ್ನೂ ಉಳಿಸಿಕೊಂಡರು. 2021ರಲ್ಲಿ ವಾಯವ್ಯ ವೇಲ್ಸ್‌ನ ಸ್ಲೇಟ್ ನಾಡು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಆ ರೈಲೂ ಅದರ ಭಾಗವಾಗಿತ್ತು. ಅದೂ ಗಣಿಯ ನಾಡು, ನಮ್ಮದೂ ಗಣಿಯ ನಾಡು.

ಎಲ್ಲವನ್ನೂ ಮೈಸೂರಿಗೆ ಸಾಗಿಸಿಬಿಡಿ ಎಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ. 1979ರಿಂದ ಅಲ್ಲಿರುವ ರೈಲು ಸಂಗ್ರಹಾಲಯ ದೊಡ್ಡ ಕೆಲಸ ಮಾಡಿದೆ. ಆದರೂ ತಣಿಗೆಬೈಲಿನ ಗಾಡಿ ತರೀಕೆರೆ ಸೀಮೆಯಲ್ಲೇ, ಬೆಟ್ಟ ಕಾಣುವ ಜಾಗದಲ್ಲೇ ಇದ್ದರೆ ಅದರ ಕಥೆ ಪೂರ್ತಿಯಾಗುತ್ತದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಏನಾದರೂ ಸಿಕ್ಕರೆ ಎಳೆದು ತರುವುದೂ ಬೇಡ. ಅಲ್ಲೇ ಅಳತೆ ತೆಗೆದು, ಫೋಟೊ ಹಿಡಿದು, ಬಿಟ್ಟು ಬರಲಿ.

1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತು ಪುರಾವಸ್ತು ಆಗಬಲ್ಲದು. ಕಾರ್ಖಾನೆಯ ಮೊದಲ ದಿನಗಳ ಗಾಡಿ ಒಂದಾದರೂ ಉಳಿದಿದ್ದರೆ ಅದು ಆ ಗಡಿ ದಾಟಿಯಾಯಿತು. ಇಸವಿ ಗೊತ್ತಿಲ್ಲದೆ ಕತ್ತರಿಸಿದರೆ, ಕಾನೂನು ಕಾಯಬೇಕಾದ ವಸ್ತುವನ್ನೇ ಟನ್ನಿನ ಲೆಕ್ಕದಲ್ಲಿ ಮಾರಿದ ಹಾಗೆ. ಹಾಗಾಗಿ ಕಾರ್ಖಾನೆಯ ಆಡಳಿತ, ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ರಾಜ್ಯದ ಪುರಾತತ್ವ ಇಲಾಖೆ, ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲಾಡಳಿತಗಳು ಒಟ್ಟಿಗೆ ಕೂತು, ಪ್ರತಿ ಹಳೇ ಗಾಡಿಯ ಗೇಜು, ತಯಾರಕ, ಇಸವಿ, ನಿಂತಿರುವ ಜಾಗ ಮತ್ತು ಫೋಟೊ ಇರುವ ಪಟ್ಟಿಯನ್ನು ಕನ್ನಡದಲ್ಲಿ ಜನರ ಮುಂದಿಡಲಿ. ಆಕ್ಷೇಪಣೆಗೆ ಮೂರು ತಿಂಗಳು ಕೊಡಲಿ. ಅಲ್ಲಿಯ ತನಕ ರೋಲಿಂಗ್ ಸ್ಟಾಕಿನ ಒಂದು ಲಾಟೂ ಇ-ಹರಾಜಿಗೆ ಬರಬಾರದು.