ಬಿಳಿ ಮೀನಿಗೆ ಸಿಕ್ಕ ಸರ್ವೆ ನಂಬರು

ಸರ್ವೆ ನಂಬರಿನ ಬೆಲೆ ಏನೆಂದು ಸೋಂಪುರ ಹೋಬಳಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಹೊಲವನ್ನು ಊರಲ್ಲಿ ಒಬ್ಬರು ಹುಣಸೆಮರದ ಹೊಲ ಎಂದರೆ ಇನ್ನೊಬ್ಬರು ದೊಡ್ಡಪ್ಪನ ಪಾಲು ಎನ್ನುತ್ತಾರೆ. ಒತ್ತುವರಿ ತಕರಾರು ಎದ್ದ ದಿನ ಮಾತ್ರ ಪಹಣಿಯಲ್ಲಿರುವ ನಂಬರೇ ಮಾತಾಡಬೇಕು. ಜೀವಿಗಳ ವೈಜ್ಞಾನಿಕ ಹೆಸರಿನ ಕೆಲಸವೂ ಅದೇ.

ಈ ಹೆಸರಿನಲ್ಲಿ ಎರಡು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಪ್ರಾಣಿಗಳಿಗೆ ಈ ಪದ್ಧತಿ ನೆಲೆಗೊಂಡದ್ದು 1758ರಲ್ಲಿ, ಸ್ವೀಡನ್ನಿನ ಲಿನೇಯಸ್‌ನಿಂದ. ನಮ್ಮ ಕೆರೆಗಳ ಕಾಟ್ಲಾವನ್ನೇ ನೋಡಿ. 1822ರಲ್ಲಿ ಹ್ಯಾಮಿಲ್ಟನ್ ಅದನ್ನು 'ಸೈಪ್ರಿನಸ್ ಕಾಟ್ಲಾ' ಎಂದು ದಾಖಲಿಸಿದ. ಆಮೇಲೆ ಅದು 'ಕಾಟ್ಲಾ ಕಾಟ್ಲಾ' ಆಯಿತು. ರೋಹುವಿಗೆ ಹತ್ತಿರದ ನೆಂಟನೆಂದು ತಿಳಿದ ಮೇಲೆ 'ಲೇಬಿಯೊ ಕಾಟ್ಲಾ' ಎನ್ನತೊಡಗಿದರು. ನೆಂಟಸ್ತಿಕೆ ಸ್ಪಷ್ಟವಾದಂತೆ ಕುಲದ ಹೆಸರು ಬದಲಾಗುತ್ತದೆ, ಎರಡನೆಯ ಪದ ಮೀನಿನ ಜೊತೆಯಲ್ಲೇ ಉಳಿಯುತ್ತದೆ.

ಹೆಸರು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಡುಬ್ಬದ ಮಹಶೀರ್ ಸಾಕ್ಷಿ. ನದಿ ದಂಡೆಯವರು ಮಹಶೀರನ್ನು ಬಿಳಿ ಮೀನು ಎನ್ನುತ್ತಾರೆ. 1873ರಲ್ಲೇ ಎಚ್. ಎಸ್. ಥಾಮಸ್ ತನ್ನ ಪುಸ್ತಕದಲ್ಲಿ ಈ ದೈತ್ಯನನ್ನು ಗಾಳದವರಿಗೆ ಪರಿಚಯಿಸಿದ್ದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಇಷ್ಟು ಪ್ರಸಿದ್ಧಿ ಇದ್ದರೂ ಡುಬ್ಬದ ಮೀನಿನ ವೈಜ್ಞಾನಿಕ ಹೆಸರು ಗೊಂದಲದಲ್ಲೇ ಇತ್ತು. ಬಹುಕಾಲ ಅದಕ್ಕೆ ಅಂಟಿದ್ದ 'ಮುಸುಲ್ಲಾ' ಎಂಬ ಹೆಸರು ಬೇರೊಂದು ಕುಲದ ಮೀನಿನದು.

ಅಷ್ಟರಲ್ಲಿ ನದಿಯಲ್ಲಿ ಒತ್ತುವರಿಯೂ ನಡೆದಿತ್ತು. ಮಹಶೀರ್ ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಲೋನಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ 'ಟಾರ್ ಖುದ್ರೀ' ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಅವು ಹೆಚ್ಚಿದವು, ಡುಬ್ಬದವು ಕ್ಷೀಣಿಸಿದವು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಯೂ ಸೇರಿಕೊಂಡವು. ಮಹಶೀರ್‌ಗೆ ಹರಿಯುವ ತಿಳಿನೀರು ಬೇಕು. ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಈಜಿ ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆ ಇಡುವ ಮೀನು ಅದು. ಆ ತಳವನ್ನೇ ಬಾಚಿದರೆ ಸಂತಾನ ಎಲ್ಲಿಂದ?

ಕೇರಳದಲ್ಲಿ ಹುಟ್ಟಿ ಕಾವೇರಿಯ ಜಲಾನಯನಕ್ಕೆ ಸೇರುವ ಪಾಂಬಾರ್ ನದಿಯ ಚಿಕ್ಕ ಮೀನುಗಳನ್ನು ನೋಡಿ 2007ರಲ್ಲಿ 'ಟಾರ್ ರೆಮಾದೇವಿ' ಎಂಬ ಹೆಸರು ಕೊಟ್ಟಿದ್ದರು. ಮೀನು ವಿಜ್ಞಾನಿ ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಡುಬ್ಬದ ದೈತ್ಯನೂ ಅದೇ ಪ್ರಭೇದ ಎಂದು ದೇಹರಚನೆ ಮತ್ತು ಡಿಎನ್‌ಎ ಹೋಲಿಸಿ ಸಂಶೋಧಕರು ತೋರಿಸಿದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು 'ತೀವ್ರ ಅಪಾಯದಲ್ಲಿರುವ' ಜೀವಿಯಾಗಿ ಸೇರಿತು. ಖಾತೆ ಆಗದೆ ಪರಿಹಾರ ಕೇಳುವಂತಿರಲಿಲ್ಲ, ಅಷ್ಟೇ.

ಇದಕ್ಕೂ ಸೋಂಪುರಕ್ಕೂ ಏನು ಸಂಬಂಧ? ಹೋಬಳಿಯ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಕನಕಪುರದ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಮೇಲಿನ ಗಾಳಿಬೋರೆ, ಭೀಮೇಶ್ವರಿಯ ಮಡುಗಳೇ ಮಹಶೀರ್‌ಗೆ ಹೆಸರಾದ ಜಾಗ. ಮೀನಿನ ಪಹಣಿ ಈಗ ಸರಿಯಾಗಿದೆ. ಅದರ ನದಿಗೆ ನೀರು ಹೋಗುವ ಹಳ್ಳಗಳು ನಮ್ಮ ಬೇಲಿಯ ಪಕ್ಕದಲ್ಲೇ ಇವೆ, ಅವನ್ನು ಮುಚ್ಚದಿರೋಣ.