ಫ್ಯಾಂಟಮ್‌ಗೆ ಕನ್ನಡ ಬರುತ್ತಿತ್ತು

ಅಮೆರಿಕದ ಹಳೆಯ ಹುಲಿಗಳಿಗೆ ಮತ್ತೆ ಉಗುರು ಬಂದಿದೆ. ಫ್ಯಾಂಟಮ್, ಮಾಂತ್ರಿಕ ಮ್ಯಾಂಡ್ರೇಕ್, ಅವನ ಜೊತೆಗಾರ ಲೋಥಾರ್, ಫ್ಲ್ಯಾಶ್ ಗಾರ್ಡನ್ ಈ ನಾಲ್ವರನ್ನೂ ಒಂದು ತಂಡ ಕಟ್ಟಿ 'ಡಿಫೆಂಡರ್ಸ್ ಆಫ್ ದಿ ಅರ್ಥ್' ಎಂಬ ಕಾರ್ಟೂನ್ ಧಾರಾವಾಹಿ ತೆಗೆದದ್ದು 1986ರಲ್ಲಿ. ಮರುವರ್ಷ ಅದರ ಕಾಮಿಕ್ಸ್ ಬಂತು. ನಾಲ್ಕೇ ಸಂಚಿಕೆಗೆ ನಿಂತಿತು. 2024ರಲ್ಲಿ ಮ್ಯಾಡ್ ಕೇವ್ ಎಂಬ ಪ್ರಕಾಶನದವರು ಆ ತಂಡವನ್ನು ಮತ್ತೆ ಅಖಾಡಕ್ಕಿಳಿಸಿದರು. ಬಹಳ ಸಂತೋಷ. ನನ್ನ ತಕರಾರಿರುವುದು ಆ ಪ್ರಕಾಶಕರ ಮೇಲಲ್ಲ, ನಮ್ಮ ಮೇಲೆ. ಈ ವೀರರಿಗೆ ಒಂದು ಕಾಲದಲ್ಲಿ ಕನ್ನಡ ಬರುತ್ತಿತ್ತು. ಈಗ ಅವರು ಎದ್ದು ಬಂದಿದ್ದಾರೆ, ಅವರ ಬಾಯಲ್ಲಿ ಕನ್ನಡವಿಲ್ಲ. ಅದನ್ನು ಕೇಳುವವರೂ ಇಲ್ಲ.

ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಆ ಕೆಲಸದಲ್ಲಿದ್ದವರು ನಮ್ಮ ಕಾರ್ಕಳದ ಅನಂತ ಪೈ. ಮುಂದೆ ಅಮರ ಚಿತ್ರಕಥೆ ಕಟ್ಟಿದವರೂ ಅವರೇ. ಆ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಕನ್ನಡದವು; ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಹೊರತಂದ ಪಾಶ್ಚಾತ್ಯ ಕಥೆಗಳು. ಆದ್ದರಿಂದಲೇ ಪೈಗಳ 'ಕೃಷ್ಣ'ನಿಗೆ ಸಿಕ್ಕಿದ್ದು 11ನೆಯ ಸಂಖ್ಯೆ. ಚಿತ್ರಕಥೆ ಎಂಬುದು ಕನ್ನಡಕ್ಕೆ ಆಗಿಬರದ ಪದಾರ್ಥ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇಂದ್ರಜಾಲ ಕನ್ನಡದಲ್ಲೂ ಅಚ್ಚಾಗುತ್ತಿತ್ತು. ಮಳವಳ್ಳಿಯ ಶಾಲೆ ನನಗೆ ಅಕ್ಷರ ಕಲಿಸಿತು, ನಿಜ. ಆದರೆ ಸರಸರನೆ ಓದುವುದನ್ನು ಕಲಿಸಿದವನು ಮುಸುಕುಧಾರಿ ಫ್ಯಾಂಟಮ್. ಮುಂದಿನ ಪುಟದಲ್ಲಿ ಏನಾಗುತ್ತದೋ ಎಂಬ ಆತುರಕ್ಕಿಂತ ದೊಡ್ಡ ಮೇಷ್ಟ್ರು ಇನ್ನೊಬ್ಬರಿಲ್ಲ. ಮದ್ದೂರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಸರದಿ ಬರುವುದರೊಳಗೆ ಒಂದು ಪುಸ್ತಕ ಮುಗಿಸಬೇಕಿತ್ತು. ಮುಗಿಯದಿದ್ದರೆ ಪಕ್ಕದವನಿಗೆ ಸರದಿ ಬಿಟ್ಟುಕೊಟ್ಟು ಕೂರುತ್ತಿದ್ದೆವು. 1990ರಲ್ಲಿ ಇಂದ್ರಜಾಲ ಬಾಗಿಲು ಹಾಕಿತು. 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅದಕ್ಕಾಗಿ ಕಣ್ಣೀರು ಹಾಕಿದವರನ್ನು ನಾನು ಕಾಣೆ.

ಮೂವತ್ತು ವರ್ಷ ಕಳೆದು 2024ರ ಡಿಸೆಂಬರಿನಲ್ಲಿ ಸಮ್ಮೇಳನ ಮತ್ತೆ ಮಂಡ್ಯಕ್ಕೆ ಬಂತು; ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಊಟದಲ್ಲಿ ಬಾಡು ಇರಬೇಕೋ ಬೇಡವೋ ಎಂದು ನಾವು ಜೋರಾಗಿಯೇ ಜಗಳವಾಡಿದೆವು. ಆ ಜಗಳ ನ್ಯಾಯವಾದದ್ದೇ; ಮಂಡ್ಯದವನ ತಟ್ಟೆ ಮಂಡ್ಯದವನದು. ಆದರೆ ಹತ್ತು ವರ್ಷದ ಹುಡುಗನ ಕೈಗೆ ಕನ್ನಡದಲ್ಲಿ ಏನು ಕೊಡುತ್ತೇವೆ ಎಂಬ ಪ್ರಶ್ನೆಗೆ ಅದರ ಕಾಲುಭಾಗ ಗಂಟಲನ್ನಾದರೂ ನಾವು ಖರ್ಚು ಮಾಡಿದೆವೇ? ಪುಸ್ತಕದ ಮಳಿಗೆಯೊಂದರಲ್ಲಿ ಸಾಹಸದ ಚಿತ್ರಕಥೆ ಕೇಳಿದೆ. "ಅವ್ನೆಲ್ಲಾ ಈಗ ಯಾರ್ ತಗತಾರೆ ಸಾ? ಮೊಬೈಲೈತಲ್ಲ" ಅಂದರು. ಕೊಳ್ಳುವವರಿಲ್ಲವೆಂದು ಅಚ್ಚು ಹಾಕುವುದಿಲ್ಲ, ಅಚ್ಚೇ ಆಗದ್ದನ್ನು ಕೊಳ್ಳುವುದಾದರೂ ಹೇಗೆ?

ಪಕ್ಕದ ತಮಿಳರನ್ನು ನೋಡಿ. 1972ರಲ್ಲಿ ಮುತ್ತು ಕಾಮಿಕ್ಸ್, 1984ರಲ್ಲಿ ಲಯನ್ ಕಾಮಿಕ್ಸ್, ಎರಡೂ ಶಿವಕಾಶಿಯವು. ಏಳುಬೀಳು ಅವರಿಗೂ ತಪ್ಪಲಿಲ್ಲ. ಆದರೂ 2012ರಲ್ಲಿ ಮತ್ತೆ ಎದ್ದು ನಿಂತರು. ಶಿವಕಾಶಿಯೇನು ನ್ಯೂಯಾರ್ಕ್ ಅಲ್ಲ. ಪಟಾಕಿ ಮಾಡುವ, ಕ್ಯಾಲೆಂಡರ್ ಅಚ್ಚು ಹಾಕುವ ಊರು. ಅಲ್ಲಿ ಆದದ್ದು ನಮ್ಮಲ್ಲಿ ಆಗದಿರುವುದಕ್ಕೆ ಮಾರುಕಟ್ಟೆಯನ್ನು ಮಾತ್ರ ದೂರಬೇಡಿ. ಪರದೆಯ ಮೇಲೆ ಹೊರಗಿನವರು ಕನ್ನಡ ಮಾತಾಡಬಹುದೇ ಎಂದು ನಾವು ದಶಕಗಳ ಕಾಲ ಗುದ್ದಾಡಿದೆವು. ಕಾಗದದ ಮೇಲೆ ಮಾತಾಡಲು ಯಾರ ಅಡ್ಡಿಯೂ ಇರಲಿಲ್ಲ. ಅದನ್ನೂ ಕೈಬಿಟ್ಟೆವು.

ಇನ್ನು ತತ್ತ್ವದ ಆಕ್ಷೇಪ. ಬಿಳಿಯನೊಬ್ಬ ಕಾಡಿನ ಜನರಿಗೆ ದೊರೆಯಾಗುವ ಕಥೆ ನಮ್ಮ ಮಕ್ಕಳಿಗೇಕೆ ಎನ್ನುತ್ತಾರೆ ಕೆಲವು ಗೆಳೆಯರು. ಮಾತು ಸರಿ. ಮೊದಮೊದಲು ಲೋಥಾರ್ ಚಿರತೆಯ ಚರ್ಮ ಹೊದ್ದ ಆಳಾಗಿದ್ದ. ಆದರೆ ಅದೇ ಲೋಥಾರ್ ಬರಬರುತ್ತ ಸರಿಸಮಾನ ಗೆಳೆಯನಾದ, 1986ರ ತಂಡದಲ್ಲಿ ನಾಲ್ವರಲ್ಲಿ ಒಬ್ಬನಾದ. ಮತ್ತೆ ಮತ್ತೆ ಬರೆಯುವವರಿದ್ದುದರಿಂದ ಕಥೆ ತಿದ್ದಿಕೊಂಡಿತು. ಇಂದ್ರಜಾಲದವರೂ ಫ್ಯಾಂಟಮ್‌ನ ಬಂಗಲ್ಲಾ ದೇಶವನ್ನು ನಮ್ಮ ಬಂಗಾಳದೊಂದಿಗೆ ಗೊಂದಲವಾಗದಂತೆ 'ಡೆಂಕಾಲಿ' ಮಾಡಿದ್ದರು. ಕಥೆಯ ಜೊತೆ ಜಗಳವಾಡಬೇಕಾದರೂ ಅದು ಮೊದಲು ನಮ್ಮ ಭಾಷೆಗೆ ಬರಬೇಕು.

ಪರದೇಶದ್ದು ಬೇಡವೇ ಬೇಡವೆನ್ನುವವರನ್ನು ಮಳವಳ್ಳಿ ತಾಲ್ಲೂಕಿಗೆ ಕರೆಯುತ್ತೇನೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ, ಜೊತೆಗೆ ರಾಚಪ್ಪಾಜಿ, ಚೆನ್ನಾಜಮ್ಮ, ಸಿದ್ಧಪ್ಪಾಜಿ: ಇದಕ್ಕಿಂತ ತಂಡ ಬೇಕೇ? ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಲು ಹೋದ ಸಿದ್ಧಪ್ಪಾಜಿ ವಿಷದ ಪರೀಕ್ಷೆಯನ್ನೂ ಗೆದ್ದು ಬರುತ್ತಾನೆ. ನೀಲಗಾರರು ರಾತ್ರಿಯಿಡೀ ಹಾಡುವ ಈ ಕಥೆಯ ಮುಂದೆ ಮ್ಯಾಂಡ್ರೇಕನ ಗಾರುಡಿ ಸಪ್ಪೆ. ಇದನ್ನು ನಾವು ಪಿಎಚ್.ಡಿ.ಗೆ ಕೊಟ್ಟೆವು, ನಾಟಕಕ್ಕೆ ಕೊಟ್ಟೆವು. ಹತ್ತು ವರ್ಷದ ಹುಡುಗನಿಗೆ ಕೊಡುವುದನ್ನು ಮರೆತೆವು. ಫ್ಯಾಂಟಮ್ ಬೇಡವೆನ್ನುವವರು ಸಿದ್ಧಪ್ಪಾಜಿಯನ್ನಾದರೂ ಬರೆಸಲಿ. ಎರಡನ್ನೂ ಮಾಡದೆ 'ಮಕ್ಕಳು ಕನ್ನಡ ಓದುವುದಿಲ್ಲ' ಎಂದು ಭಾಷಣ ಬಿಗಿಯುವುದು ಮಾತ್ರ ಬೇಡ.

ಹೊಳೆಯುವ ಕಾಗದ ಬೇಕಿಲ್ಲ, ರಟ್ಟಿನ ಕಟ್ಟು ಬೇಕಿಲ್ಲ. ಕಪ್ಪುಬಿಳುಪಿನ ಮೂವತ್ತೆರಡು ಪುಟ, ಎರಡು ಮದ್ದೂರು ವಡೆಯ ಬೆಲೆ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದರೆ ಸಾಕು. ಸಮ್ಮೇಳನ ನಾಲ್ಕನೆಯ ಬಾರಿ ಮಂಡ್ಯಕ್ಕೆ ಬರುವುದು ಯಾವಾಗಲೋ. ಅಷ್ಟರಲ್ಲಿ ಕನ್ನಡ ಓದುವ ಒಂದು ತಲೆಮಾರು ಬೆಳೆದಿರಬೇಕೆಂದರೆ ಮೊದಲು ಓದಿಗೆ ಆತುರ ಹುಟ್ಟಿಸಬೇಕು. ಗೌರವ ಆಮೇಲೆ ತಾನಾಗಿ ಬರುತ್ತದೆ.